ಯಾರ ಆಯುಷ್ಯ, ಯಾರ ಬೆಳೆ?

ಹಸಿರು ಕಂಡರೆ ನಮ್ಮ ಸಂಶಯಗಳೆಲ್ಲ ಮಲಗಿಬಿಡುತ್ತವೆ. ರಾಯಚೂರು ಜಿಲ್ಲೆಯ ಶಕ್ತಿನಗರದ ವಿದ್ಯುತ್ ಕೇಂದ್ರದ ಚಿಮಣಿ ಕಂಡಾಗ, ಅದರಡಿ ದುಡಿಯುವವನ ತಲೆಗೆ ಹೆಲ್ಮೆಟ್ ಇದೆಯೇ, ಅವನ ಎದೆಗೆ ಬೂದಿ ಸೇರುತ್ತಿದೆಯೇ ಎಂದು ಕೇಳಲು ನಮಗೆ ತೋಚುತ್ತದೆ. ಅದೇ ಮಾನ್ವಿಯ ಕಡೆಯಿಂದ ತುಂಗಭದ್ರೆಯ ದಂಡೆಯ ಚೀಕಲಪರ್ವಿಗೆ ಹೋಗುವಾಗ ಭತ್ತದ ಗದ್ದೆ, ಹತ್ತಿಯ ಹೊಲ ಕಂಡರೆ ಕಣ್ಣಿಗೆ ತಂಪಾಯಿತು ಎಂದು ಸುಮ್ಮನಾಗುತ್ತೇವೆ. ಆ ತಂಪಿನ ನಡುವೆ ಬೆನ್ನಿಗೆ ಪಂಪು ಹೊತ್ತು ನಡೆಯುವ ಮನುಷ್ಯ ಕಾಣುತ್ತಾನೆ, ಆದರೆ ಚಿತ್ರದ ಒಂದು ಅಂಗವಾಗಿ ಕಾಣುತ್ತಾನೆ. ಊರ ಉದ್ಯಾನದಲ್ಲಿ ಹುಲ್ಲು ಕತ್ತರಿಸುವವನೂ, ಹೆದ್ದಾರಿಯ ನಡುವಿನ ಕಣಗಿಲೆಗೆ ನೀರುಣಿಸುವ ಹೆಣ್ಣುಮಗಳೂ ಹಾಗೆಯೇ. ಅಪಾಯವೆಂಬುದು ಕಾರ್ಖಾನೆಯಲ್ಲಿದೆ, ಹೊಲ ತೋಟಗಳಲ್ಲಿಲ್ಲ ಎಂದು ನಮಗೆ ಕಲಿಸಿದವರು ಯಾರು?

ಎಣ್ಣೆ ಹೊಡೆಯುವ, ಅಂದರೆ ಬೆಳೆಗೆ ಕೀಟನಾಶಕ ಸಿಂಪಡಿಸುವ ಕೆಲಸ ಈ ಸೀಮೆಯವರಿಗೆ ಹೊಸದಲ್ಲ. 16 ಲೀಟರಿನ ಪಂಪು ತುಂಬಿದರೆ ಹತ್ತಿರ ಹತ್ತಿರ 20 ಕಿಲೋ ಭಾರ. ಮುಚ್ಚಳದಿಂದ ಜಿನುಗಿದ್ದು ಬೆನ್ನಿಗಿಳಿಯುತ್ತದೆ, ಗಾಳಿ ತಿರುಗಿದರೆ ಮುಖಕ್ಕೆ ಬರುತ್ತದೆ. ನಳಿಗೆ ಕಟ್ಟಿಕೊಂಡಾಗ ಬಾಯಿಂದ ಊದಿ ಬಿಡಿಸುವವರೂ ಇದ್ದಾರೆ. ವಿಷ ಬಾಯಿಂದ ಮಾತ್ರ ಒಳಗೆ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಿಜದಲ್ಲಿ ಅದಕ್ಕೆ ಚರ್ಮವೇ ದೊಡ್ಡ ಬಾಗಿಲು, ಬೆವೆತ ಚರ್ಮವಂತೂ ತೆರೆದ ಬಾಗಿಲು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ಹುಳುವಿನ ನರಗಳಲ್ಲಿ ಯಾವ ಕಿಣ್ವವನ್ನು ಕಟ್ಟಿಹಾಕುತ್ತವೆಯೋ ಮನುಷ್ಯನ ನರಗಳಲ್ಲೂ ಅದನ್ನೇ ಕಟ್ಟಿಹಾಕುತ್ತವೆ. ಬೆವರು, ಜೊಲ್ಲು, ಕಿರಿದಾದ ಕಣ್ಣಪಾಪೆ, ಅದುರುವ ಮಾಂಸಖಂಡ, ಬಿಗಿದ ಉಸಿರು. ಸಂಜೆ ಮನೆಗೆ ಬಂದವನು ತಲೆ ಸುತ್ತುತ್ತಿದೆ ಎಂದರೆ ಬಿಸಿಲು ಬಡಿದಿರಬೇಕು ಎಂದು ಮಜ್ಜಿಗೆ ಕೊಡುತ್ತೇವೆ. ಬಿಸಿಲೇನು ಸುಳ್ಳಲ್ಲ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವುದು ಸುದ್ದಿಯೂ ಆಗುವುದಿಲ್ಲ. ಆದರೆ ಬಿಸಿಲಿನ ಹೆಸರಿನಡಿ ಎಷ್ಟು ವಿಷ ಅಡಗಿ ಕುಳಿತಿರಬಹುದು?

ಇಲ್ಲಿ ಈ ಮಣ್ಣಿನದೇ ಒಂದು ಕಥೆ ನೆನಪಾಗುತ್ತದೆ. ಚೀಕಲಪರ್ವಿ ಹರಿದಾಸರಾದ ವಿಜಯದಾಸರು ಹುಟ್ಟಿದ ಊರು. ಕಾರ್ತಿಕ ಶುದ್ಧ ದಶಮಿಯ ಆರಾಧನೆಗೆ ನಾವು ಹೂವು, ತುಳಸಿ ಹಿಡಿದು ಹೋಗುವ ಹೊತ್ತಿಗೆ ಸುತ್ತಲಿನ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ನಡೆದಿರುತ್ತದೆ. ವಿಜಯದಾಸರನ್ನು ಲಘುವಾಗಿ ಕಂಡ ಮಾನ್ವಿಯ ಪಂಡಿತರೊಬ್ಬರು ಉದರವ್ಯಾಧಿಯಿಂದ ನರಳಿ ಶರಣು ಬಂದಾಗ, ದಾಸರು ಅವರನ್ನು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರಂತೆ. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರಂತೆ. ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ರಚಿಸಿದರು. ನಂಬುವವರು ನಂಬುತ್ತಾರೆ, ಉಳಿದವರು ಕಥೆಯೆನ್ನುತ್ತಾರೆ; ಅದು ಇಲ್ಲಿ ಮುಖ್ಯವಲ್ಲ. ಒಬ್ಬನ ಆಯುಷ್ಯ ಇನ್ನೊಬ್ಬನಿಗೆ ದಾಟಬಲ್ಲದು ಎಂಬ ಮಾತನ್ನು ಈ ಸೀಮೆ ತಲೆತಲಾಂತರದಿಂದ ಹೇಳಿಕೊಂಡು ಬಂದಿದೆ. ಹಾಗಾದರೆ ಇಂದೂ ಅದು ದಾಟುತ್ತಿಲ್ಲವೇ? ಕೂಲಿಯವನ ಆಯುಷ್ಯ ಗಿಡಕ್ಕೆ, ಗಿಡದಿಂದ ಇಳುವರಿಗೆ, ಇಳುವರಿಯಿಂದ ನಮ್ಮ ತಟ್ಟೆಗೆ. ವ್ಯತ್ಯಾಸವಿಷ್ಟೇ: ಗೋಪಾಲದಾಸರು ತಿಳಿದು, ಒಪ್ಪಿ, ಎಣಿಸಿ ಕೊಟ್ಟರು. ಕೊಡುತ್ತಿದ್ದೇನೆಂಬುದೇ ತಿಳಿಯದೆ ಕೊಟ್ಟದ್ದನ್ನು ದಾನವೆನ್ನಲಾದೀತೇ?

ಎಚ್ಚರಿಕೆ ವಹಿಸಬಾರದೇ ಎಂದು ನಾವು ಕೇಳುತ್ತೇವೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಔಷಧ ಸಿಂಪಡಿಸಿದ ರೈತರು, ಕೂಲಿಕಾರರು 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆಗಲೂ ಮೊದಲು ಕೇಳಿಬಂದ ಮಾತುಗಳಲ್ಲಿ ಇದೂ ಒಂದು: ಅವರು ಕೈಗವಸು ಹಾಕಿರಲಿಲ್ಲ, ಮುಖಕ್ಕೆ ಏನೂ ಕಟ್ಟಿರಲಿಲ್ಲ. ಆ ವರ್ಷ ಹತ್ತಿ ಆಳೆತ್ತರಕ್ಕೆ ಬೆಳೆದಿತ್ತು, ಹೊಡೆದದ್ದು ಹೊಡೆದವನ ಮುಖಕ್ಕೇ ಇಳಿಯುತ್ತಿತ್ತು ಎಂಬುದು ತಡವಾಗಿ ಕಿವಿಗೆ ಬಿತ್ತು. ಮೈತುಂಬ ಪ್ಲಾಸ್ಟಿಕ್ ಉಡುಪು ತೊಟ್ಟು ಮಧ್ಯಾಹ್ನದ ಹೊಲದಲ್ಲಿ ಒಂದು ಗಂಟೆ ನಡೆದು ನೋಡಿದರೆ, ವಿಷದಿಂದ ಬದುಕಿದರೂ ಉಡುಪಿನಿಂದ ಬದುಕುವುದು ಕಷ್ಟವೆಂದು ತಿಳಿಯುತ್ತದೆ. ಹೀಗಿರುವಾಗ ನಸುಕಿನಲ್ಲಿ ಅಥವಾ ಇಳಿಹೊತ್ತಿನಲ್ಲಿ, ಗಾಳಿಗೆ ಬೆನ್ನು ಮಾಡಿ ಹೊಡೆಯುವುದೊಂದೇ ದಾರಿ. ಗಾಳಿ ಎದ್ದರೆ ಪಂಪು ಇಳಿಸಿ ಕೂರಬೇಕು. ಆದರೆ ಹೊಡೆದ ಟ್ಯಾಂಕಿನ ಲೆಕ್ಕಕ್ಕೆ ಕೂಲಿ ಪಡೆಯುವವನು ಕೂರುವುದು ಯಾವ ಧೈರ್ಯದ ಮೇಲೆ? ಎಚ್ಚರಿಕೆಗೆ ಬೆಲೆಯಿದೆ, ಆ ಬೆಲೆಯನ್ನು ಎಲ್ಲರಿಗಿಂತ ಬಡವನಾದವನೇ ತೆರಲಿ ಎಂದು ನಾವು ಬಿಟ್ಟುಬಿಟ್ಟಿದ್ದೇವೆ. ತೆರಲಾಗದಿದ್ದಾಗ ಅದಕ್ಕೆ ನಿರ್ಲಕ್ಷ್ಯವೆಂದು ಹೆಸರಿಡುತ್ತೇವೆ.

ಕಾನೂನು ಇಲ್ಲವೆನ್ನುವಂತಿಲ್ಲ. 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು ರಕ್ಷಣಾ ಉಡುಪು, ಉಸಿರಿನ ಸಾಧನ, ವೈದ್ಯ ತಪಾಸಣೆಗಳ ಮಾತನ್ನು ಅಂದೇ ಆಡಿವೆ. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳಿವೆ. ಕೆಂಪು ಅತಿ ಘೋರ, ಹಸಿರು ಎಲ್ಲಕ್ಕಿಂತ ಸೌಮ್ಯ. ಯಾವುದನ್ನು ಎಷ್ಟು ಬೆರೆಸಬೇಕೆಂದು ಹೇಳುವವನು ಮಾತ್ರ ಅಂಗಡಿಯವನು. ಮಾರುವವನೇ ವೈದ್ಯನೂ ಆದರೆ ಮದ್ದು ಕಡಿಮೆಯಾಗುವುದುಂಟೇ?

ವಿಷವಂತೂ ಬದುವಿಗೆ ನಿಲ್ಲುವುದಿಲ್ಲ. ಎಣ್ಣೆ ಹೊಡೆದು ಬಂದವನ ಅಂಗಿಯನ್ನು ಮಕ್ಕಳ ಬಟ್ಟೆಯ ಜೊತೆಗೇ ಒಗೆಯುವ ಕೈಗಳು ಯಾವ ಲೆಕ್ಕದಲ್ಲಿ ಬರುತ್ತವೆ? ಖಾಲಿ ಡಬ್ಬಿ ತೊಳೆದರೆ ಚೊಕ್ಕವಾಗುತ್ತದೆ ಎಂದುಕೊಳ್ಳುತ್ತೇವೆ. 2013ರಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಎಣ್ಣೆಗೆ ಮೋನೋಕ್ರೋಟೋಫಾಸ್ ಕೀಟನಾಶಕ ಸೇರಿ 23 ಮಕ್ಕಳು ಸತ್ತರು. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದವರಲ್ಲಿ ಗೇರು ಮುಟ್ಟದವರೂ ಇದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯುವ ಹೊತ್ತಿಗೆ ಒಂದು ತಲೆಮಾರು ಹಾಸಿಗೆ ಹಿಡಿದಾಗಿತ್ತು.

ಎಣಿಕೆಗೆ ಬಾರದ ನೋವಿಗೆ ಮದ್ದೂ ಬರುವುದಿಲ್ಲ. 2024ರಲ್ಲಿ ಕರ್ನಾಟಕವು ಹೊಲದ ಇನ್ನೊಂದು ವಿಷವಾದ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು. ಕಸ ತೆಗೆಯಲು ಬಗ್ಗಿದವಳ ಕೈಗೆ, ಗದ್ದೆಯಲ್ಲಿ ಬರಿಗಾಲಿಟ್ಟವನ ಹಿಮ್ಮಡಿಗೆ ಕಚ್ಚಿದ್ದನ್ನು ಹಣೆಬರಹವೆಂದು ಬಿಡದೆ ದಾಖಲಿಸತೊಡಗಿದ್ದು ಸಣ್ಣ ಮಾತಲ್ಲ. ಇಂಥ ಕಡೆ ಸರ್ಕಾರದ ಕಾಗದ ಕೂಡ ಒಂದು ಬಗೆಯ ಕರುಣೆಯೇ ಎಂದು ನನಗೆ ಅನ್ನಿಸುತ್ತದೆ.

ಕಾಗದ ನೋವನ್ನು ಎಣಿಸೀತು, ಕೂಲಿ ಕೊಡಲಾರದು. ಹಾಗಾದರೆ ಗಾಳಿ ಎದ್ದ ಹೊತ್ತಿನಲ್ಲಿ ಬದುವಿನ ಮೇಲೆ ಕುಳಿತವನ ಕೂಲಿಯನ್ನು ಕೊಡುವವರು ಯಾರು? ಹೊಲದ ಒಡೆಯನೆನ್ನುವುದು ಸುಲಭ. ಆದರೆ ಮಾನ್ವಿ, ದೇವದುರ್ಗಗಳ ಎಷ್ಟೋ ಒಡೆಯರು ಎರಡು ಮೂರು ಎಕರೆಯವರು, ಗೊಬ್ಬರದ ಅಂಗಡಿಯ ಸಾಲದಲ್ಲಿರುವವರು. ಕೂಲಿಯವನು ಸಿಗದ ದಿನ ಪಂಪು ಅವರ ಬೆನ್ನಿಗೇ ಏರುತ್ತದೆ. ಕೆಲವರು ಅದನ್ನೂ ಬಿಟ್ಟು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಪ್ರಶ್ನೆ ಹೊಲ ದಾಟಿ, ಅಕ್ಕಿ ಗಿರಣಿ ದಾಟಿ, ಮಂಡಿ ದಾಟಿ ಮುಂದೆ ಬರಲೇಬೇಕಾಗುತ್ತದೆ. ರಾಯಚೂರಿನ ಸೋನಾ ಮಸೂರಿಯೇ ಬೇಕೆಂದು ಕೇಳಿ ಕೊಳ್ಳುವ ನಾವು, ಕಿಲೋಗೆ ಎರಡು ರೂಪಾಯಿ ಹೆಚ್ಚಾದರೆ ಅಂಗಡಿ ಬದಲಿಸುತ್ತೇವೆ.