ದುಷ್ಟರನ್ನು ತಿದ್ದುವವರಿಗೆ ಕಳಂಕ ಹತ್ತುವದೋ?

ಒಬ್ಬನ ಪಾಪವು ಅವನನ್ನು ತಿದ್ದುವದಕ್ಕಾಗಿ ಬಳಿಯಲ್ಲಿ ಕೂತುಕೊಳ್ಳುವವನಿಗೂ ಅಂಟುವದೋ? ಈ ಪ್ರಶ್ನೆಯು ಬಹಳ ಹಳೆಯದು; ಆದರೂ ಇಂಗ್ಲೆಂಡಿನ ಸೆರೆಮನೆಗಳಲ್ಲಿ ಅದು ಇಂದಿಗೂ ಏಳುತ್ತದೆ. ಸ್ತ್ರೀಯರ ಮತ್ತು ಮಕ್ಕಳ ಮಾನಭಂಗ ಮಾಡಿ ಶಿಕ್ಷೆ ಹೊಂದಿದವರನ್ನು ತಿದ್ದುವದಕ್ಕೋಸ್ಕರ ಅಲ್ಲಿನ ಸರಕಾರವು 1990ರ ದಶಕದ ಆದಿಯಲ್ಲಿ ಒಂದು ಶಿಕ್ಷಣಕ್ರಮವನ್ನು ಏರ್ಪಡಿಸಿತು. ಮನಶ್ಶಾಸ್ತ್ರ ಬಲ್ಲವರೂ ಸೆರೆಮನೆಯ ಅಧಿಕಾರಿಗಳೂ ಅಪರಾಧಿಗಳನ್ನು ಚಿಕ್ಕ ಗುಂಪುಗಳಾಗಿ ಕೂರಿಸಿ, ಅವರ ಕೃತ್ಯಗಳನ್ನು ಅವರ ಬಾಯಿಂದಲೇ ಕೇಳಿ, ನೊಂದವರ ಸಂಕಟವನ್ನು ಅವರು ತಿಳಿಯುವಂತೆ ಪ್ರಯಾಸಪಟ್ಟರು. ಇಂಥ ಕೆಲಸದವರನ್ನು ಲೋಕವು ಸಂಶಯದಿಂದ ನೋಡುವದುಂಟು. ಆದಕಾರಣ ತಮ್ಮ ಉದ್ಯೋಗವನ್ನು ನೆರೆಯವರಿಗೆ ತಿಳಿಸದೆ ಮರೆಮಾಡುವವರೂ ಇದ್ದಾರೆ. ನಿಂದಿತನ ಸಂಗಡ ಇರುವವನಿಗೂ ನಿಂದೆಯ ಪಾಲು ಬರುತ್ತದೆಂದು ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞನು 1963ರಲ್ಲಿಯೇ ಬರೆದನು.

ಊರ ಬಾವಿಯಲ್ಲಿ ಸತ್ತ ನಾಯಿ ಬಿದ್ದರೆ ಒಬ್ಬನು ಇಳಿದು ಅದನ್ನು ಎತ್ತಲೇಬೇಕು. ಎತ್ತಿದ ಮೇಲೆ ನೀರನ್ನು ಎಲ್ಲರೂ ಕುಡಿಯುವರು. ಇಳಿದವನನ್ನು ಮಾತ್ರ ಮುಟ್ಟದಿರುವದು ನ್ಯಾಯವೋ?

“ಕೆಟ್ಟವನಿಗೆ ತೋರಿಸುವ ದಯೆಯು ನೊಂದವಳಿಗೆ ಮಾಡುವ ಅನ್ಯಾಯವಲ್ಲವೇ?” ಎಂದು ಕೆಲವರು ಕೇಳುವರು. ಈ ಮಾತನ್ನು ಹಗುರವಾಗಿ ಎಣಿಸಬಾರದು. ಶಿಕ್ಷೆಯನ್ನು ತಪ್ಪಿಸುವ ದಯೆಯಾದರೆ ಅದು ಅನ್ಯಾಯವೇ ಸರಿ. ಆದರೆ ಇಲ್ಲಿ ಶಿಕ್ಷೆಯು ನಡೆಯುತ್ತಲೇ ಇರುತ್ತದೆ. ಸೆರೆಯವರಲ್ಲಿ ಹೆಚ್ಚಿನವರು ಒಂದು ದಿನ ಬಿಡುಗಡೆಯಾಗಿ ಹೊರಗೆ ಬರುವರು. ಆ ದಿನ ಇನ್ನೊಂದು ಮಗುವು ಅವರ ಕೈಗೆ ಸಿಕ್ಕಿ ನೋಯದಿರಲಿ ಎಂಬದೇ ಈ ಕೆಲಸದ ಉದ್ದೇಶ.

ಹಾಗಾದರೆ ಉದ್ದೇಶವು ಒಳ್ಳೇದಾದರೆ ಸಾಕೋ? ಸಾಲದು. ಇಂಗ್ಲೆಂಡಿನ ನ್ಯಾಯಖಾತೆಯು 2017ರಲ್ಲಿ ಒಂದು ಪರಿಶೋಧನೆಯನ್ನು ಪ್ರಕಟಿಸಿತು. ಆ ಶಿಕ್ಷಣ ಹೊಂದಿದ 2,562 ಮಂದಿಯನ್ನು ಹೊಂದದಿದ್ದ 13,219 ಮಂದಿಯೊಂದಿಗೆ ಹೋಲಿಸಿದಾಗ, ಹೊಂದಿದವರಲ್ಲಿ ನೂರಕ್ಕೆ 10 ಮಂದಿಯೂ ಹೊಂದದವರಲ್ಲಿ ನೂರಕ್ಕೆ 8 ಮಂದಿಯೂ ಅಂಥ ಅಪರಾಧವನ್ನು ತಿರಿಗಿ ಮಾಡಿದ್ದರು. ಸರಕಾರವು ಆ ಕ್ರಮವನ್ನು ಅದೇ ವರುಷ ನಿಲ್ಲಿಸಿ ಬೇರೆ ಕ್ರಮಗಳನ್ನು ತಂದಿತು. ನಿಂದಕರಿಗೆ ಇದರಿಂದ ಜಯ ದೊರೆಯಿತೋ? ಇಲ್ಲ. ಔಷಧವು ಗುಣಕೊಡದಿದ್ದರೆ ಔಷಧವನ್ನು ಬದಲಿಸತಕ್ಕದ್ದು. ರೋಗಿಯ ಬಳಿ ಹೋದ ವೈದ್ಯನನ್ನು ಹೊಲಸೆನ್ನತಕ್ಕದ್ದಲ್ಲ.

ಕೆನಡಾ ದೇಶದಲ್ಲಿ 1994ರಲ್ಲಿ ಮೆನೊನೈಟ್ ಸಭೆಯ ಒಬ್ಬ ಬೋಧಕನೂ ಅವನ ಸಂಗಡಿಗರೂ ಬಿಡುಗಡೆಯಾದ ಇಂಥ ಒಬ್ಬನ ಸುತ್ತಲೂ ನಿಂತು, ಅವನಿಗೆ ಸ್ನೇಹಿತರೂ ಕಾವಲುಗಾರರೂ ಆದರು. ಆ ರೀತಿಯು ಮುಂದೆ ಇಂಗ್ಲೆಂಡಿಗೂ ಹಬ್ಬಿತು. ಕಣ್ಣಿಟ್ಟು ಕಾಯದ ಸ್ನೇಹವು ಮೂಢತನ. ಸ್ನೇಹವಿಲ್ಲದ ಕಾವಲು ಬಹುಕಾಲ ನಿಲ್ಲದು.

ವಾಚಕರೇ, ಇಂಥವರ ಕೆಲಸವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸೋಣ. ಅವರನ್ನು ಮಾತ್ರ ಹೀನೈಸದಿರೋಣ. ಒಳ್ಳೆಯವರು ನಾಚಿಕೆಯಿಂದ ಆ ಕೆಲಸವನ್ನು ಬಿಟ್ಟುಹೋದರೆ ಅದರ ನಷ್ಟವು ನಮ್ಮ ಮಕ್ಕಳಿಗೇ ತಗಲುವದು.