ಮೇಲುರುಜು ಆದ ಮೇಲೆ

ಇಂಜಿನಿಯರಿಂಗ್ ಸೀಟು ಹಂಚುವಾಗ ನಮ್ಮ ಸರ್ಕಾರಕ್ಕೆ ಹುಡುಗ ಓದಿದ ಶಾಲೆ ಚೆನ್ನಾಗಿಯೇ ನೆನಪಿರುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಬಿಇಒ ಮೇಲುರುಜು. ಸೀಟು ಸಿಕ್ಕ ಮೇಲೆ ಆ ಹತ್ತು ವರ್ಷವನ್ನು ಕೇಳುವವರಿಲ್ಲ. ಮತ್ತೆ ನೆನಪಾಗುವುದು ಹುಡುಗ ನಾಲ್ಕು ವಿಷಯದಲ್ಲಿ ಫೇಲಾದಾಗ. 'ಫೌಂಡೇಷನ್ನೇ ಸರಿಯಿಲ್ಲ ಬಿಡಿ' ಎಂದು ಸ್ಟಾಫ್‌ರೂಮಿನಲ್ಲಿ ನಾನೂ ಅಂದಿದ್ದೇನೆ.

ಎಷ್ಟು ಅನುಕೂಲದ ಮಾತು! ಮನೆ ಎದ್ದ ಮೇಲೆ ತಳಪಾಯ ಯಾರ ಕೈಗೂ ಸಿಗದು; ಹಾಗಾಗಿ ಮೇಲಿನ ಅಂತಸ್ತಿನವರು ಯಾರೂ ಹೊಣೆಯಲ್ಲ.

ಅಸಲಿಗೆ ಕಡಿಮೆ ಬಿದ್ದದ್ದೇನು? ವೇಗೋತ್ಕರ್ಷದ ಲೆಕ್ಕವನ್ನು ಬಾಯಲ್ಲೇ ಬಿಡಿಸುತ್ತಿದ್ದವನು ಪಿಯುಸಿಯಲ್ಲಿ 'ಆಕ್ಸಲರೇಶನ್' ಕೇಳಿ ಕಕ್ಕಾಬಿಕ್ಕಿಯಾಗುತ್ತಾನೆ. ಕಳೆದದ್ದು ಹೆಸರು, ತಿಳಿವಳಿಕೆಯಲ್ಲ. ಹೆಸರು ಕೆಲವು ತಿಂಗಳಲ್ಲಿ ಬಾಯಿಗೆ ಬಂದೀತು. ಪ್ರಶ್ನೆ ಕೇಳುವುದೇ ಅಧಿಕಪ್ರಸಂಗ ಎಂದು ಹತ್ತು ವರ್ಷ ಕಲಿತ ಕೈ ಮಾತ್ರ ಅಷ್ಟು ಬೇಗ ಮೇಲೇಳದು. ಗಣಿತದಲ್ಲಿ ಇಬ್ಬರು ಹುಡುಗರಿಗೂ ಇಪ್ಪತ್ತೆಂಟೇ ಅಂಕ ಬಂದಿದೆ ಎನ್ನೋಣ. ಒಬ್ಬ ರೀವ್ಯಾಲ್ಯುಯೇಷನ್ನಿಗೆ ಎಷ್ಟು ಕಟ್ಟಬೇಕೆಂದು ವಿಚಾರಿಸುತ್ತಾನೆ. ಇನ್ನೊಬ್ಬ ಹಾಸ್ಟೆಲಿಗೆ ಹೋಗಿ ಟ್ರಂಕು ತುಂಬುತ್ತಾನೆ. ಮೊದಲನೆಯವನಿಗೆ ಅದು ಒಂದು ಪತ್ರಿಕೆಯ ಫಲಿತಾಂಶ, ಎರಡನೆಯವನಿಗೆ ತನ್ನ ಬಗ್ಗೆ ಬಂದ ತೀರ್ಪು. ಸೋಲನ್ನು ಹೇಗೆ ಓದಿಕೊಳ್ಳಬೇಕೆಂಬ ಈ ಪಾಠವೇ ಶಾಲೆ ಕಲಿಸಿದ ದೊಡ್ಡ ಪಾಠ ಎಂಬುದು ನನ್ನ ವಾದ.

ಹಳ್ಳಿ ಶಾಲೆಯನ್ನು ಹಳಿಯಲು ಹೇಳಿದ ಮಾತಲ್ಲ ಇದು. ನಗರದ ದುಬಾರಿ ಶಾಲೆಯಲ್ಲಿ, ಟ್ಯೂಷನ್ನಿನ ತುತ್ತುಣ್ಣುತ್ತ ತೊಂಬತ್ತೆಂಟರ ಕೆಳಗಿಳಿಯದೆ ಬೆಳೆದವನೂ ಮೊದಲ ಫೇಲಿಗೆ ಮುರಿದುಬೀಳುತ್ತಾನೆ. ಅವನಿಗೆ ಸೋಲಿನ ಪರಿಚಯವೇ ಇಲ್ಲ, ಹಳ್ಳಿಯವನಿಗೆ ಸೋಲು ಬಿಟ್ಟರೆ ಬೇರೆ ನಿರೀಕ್ಷೆಯಿಲ್ಲ. ಬರೀ ದುಡ್ಡಿಲ್ಲದೆ ಓದು ಬಿಟ್ಟವರ, ಮದುವೆ ಗೊತ್ತಾಯಿತೆಂದು ಬಿಡಿಸಲ್ಪಟ್ಟ ಹುಡುಗಿಯರ ವಿಷಯದಲ್ಲಿ ಈ ವಾದ ನಡೆಯದು, ಒಪ್ಪುತ್ತೇನೆ.

ಸಸಿಮಡಿಯಿಂದ ಕಿತ್ತು ನಾಟಿ ಮಾಡಿದ ಭತ್ತ ಕೆಲವು ದಿನ ಹಳದಿ ತಿರುಗುತ್ತದೆ. ಆಗ ರೈತ ಮಡಿಯನ್ನು ಬೈಯುತ್ತ ಕೂರುವುದಿಲ್ಲ, ಗದ್ದೆಯ ನೀರು ಎಷ್ಟಿದೆ ನೋಡುತ್ತಾನೆ. ಹೀಗೆ ಮಡಿ ಬಿಟ್ಟು ಗದ್ದೆ ನೋಡುವುದು ಕಾಲೇಜಿಗೆ ತೀರಾ ಹೊಸತೂ ಅಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವವರಿಗೆಂದು ವಿಟಿಯು ಹೆಚ್ಚುವರಿ ಗಣಿತದ ಪತ್ರಿಕೆ ಇಟ್ಟದ್ದುಂಟು. ಬಂದ ದಾರಿ ಬೇರೆಯಾದರೆ ಪಾಠವೂ ಬೇರೆಯಾಗಬೇಕೆಂದು ವಿಶ್ವವಿದ್ಯಾಲಯವೇ ಒಪ್ಪಿದಂತಾಯಿತಲ್ಲ! ಹತ್ತು ವರ್ಷ ಕನ್ನಡದಲ್ಲಿ ಓದಿ ಬಂದವನ ದಾರಿ ಅದಕ್ಕಿಂತ ಕಡಿಮೆ ಬೇರೆಯೇ?

ಮೊದಲ ಇಂಟರ್ನಲ್ಸ್ ಅಂಕಪಟ್ಟಿ ನೋಟಿಸ್ ಬೋರ್ಡಿಗೆ ಬೀಳುವ ಹೊತ್ತಿಗೆ ಆ ಹುಡುಗನ ವ್ಯಾಸಂಗ ಪ್ರಮಾಣಪತ್ರ ಅದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ, ಮೇಲುರುಜಿನ ಸಮೇತ, ಕಡತದಲ್ಲಿ ಭದ್ರವಾಗಿರುತ್ತದೆ. ಗಣಿತದ ಮೇಷ್ಟ್ರು ಅದನ್ನು ತರಿಸಿ ನೋಡಿದ್ದು ನಾನು ಕಂಡಿಲ್ಲ, ನಾನೂ ತರಿಸಿದವನಲ್ಲ.