ನಾದಾಭ್ಯಾಸವೂ ನೆರೆಯ ಧರ್ಮವೂ

ವಿದ್ಯೆಗಳಲ್ಲಿ ಕೆಲವು ಮೌನವಾಗಿ ಕಲಿಯತಕ್ಕವು, ಕೆಲವು ಸದ್ದು ಮಾಡಿಯೇ ಕಲಿಯತಕ್ಕವು. ಲೆಕ್ಕವನ್ನು ತಪ್ಪಾಗಿ ಮಾಡಿದ ಹುಡುಗನ ತಪ್ಪು ಅವನ ಹಲಗೆಯ ಮೇಲೆಯೇ ಉಳಿಯುವುದು, ಒರೆಸಿದರೆ ಹೋಯಿತು. ಚಿತ್ರ ಕಲಿಯುವವನ ವಕ್ರರೇಖೆಯನ್ನು ನೋಡಲೊಲ್ಲದವನು ಮುಖವನ್ನು ತಿರುಗಿಸಿಕೊಳ್ಳಬಹುದು. ಆದರೆ ಪಿಟೀಲು ಕಲಿಯುವ ಮಗುವಿನ ತಪ್ಪು ಗೋಡೆಯನ್ನು ದಾಟಿ ನೆರೆಮನೆಯ ಹಾಸಿಗೆಯವರೆಗೂ ಹೋಗುವುದು. ಕಣ್ಣಿಗೆ ರೆಪ್ಪೆಯನ್ನಿತ್ತ ವಿಧಾತನು ಕಿವಿಗೆ ಅದನ್ನು ಕೊಡಲಿಲ್ಲ. ಹೀಗಿರುವಲ್ಲಿ, ಮನೆಯಲ್ಲಿ ವಾದ್ಯವನ್ನು ಅಭ್ಯಾಸ ಮಾಡುವವನಿಗೆ ನೆರೆಯವರ ವಿಷಯದಲ್ಲಿ ಇರುವ ಕರ್ತವ್ಯವೇನು, ನೆರೆಯವರಿಗೂ ಅವನ ವಿಷಯದಲ್ಲಿ ಕರ್ತವ್ಯವುಂಟೆ, ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇದನ್ನು ನಾನು ಶಾಸ್ತ್ರಜಿಜ್ಞಾಸೆಗಾಗಿ ಎತ್ತಿಕೊಂಡವನಲ್ಲ. ನನ್ನಿಂದ ನಡೆದುಹೋದ ಒಂದು ತಪ್ಪು ಇದನ್ನು ನನ್ನ ಮುಂದೆ ತಂದಿಟ್ಟಿತು.

ಮೈಸೂರಿನ ವಿಜಯನಗರದಲ್ಲಿ ನಮ್ಮ ವಾಸ. ಅಳತೆಯ ನಿವೇಶನಗಳಲ್ಲಿ ಕಟ್ಟಿದ ಮನೆಗಳು. ನಮ್ಮ ಕಿಟಕಿಗೂ ಪಕ್ಕದ ಕಿಟಕಿಗೂ ನಡುವೆ ಎರಡು ಮಾರು ಅಂತರವೂ ಇಲ್ಲ. ಮೊಮ್ಮಗಳು ಪಿಟೀಲು ಹಿಡಿದು ಒಂದು ವರ್ಷವಾಗಿತ್ತು. ದಸರೆಯ ರಜೆ ಬಂದೊಡನೆ ಬೆಳಿಗ್ಗೆ ಒಂಬತ್ತಕ್ಕೆ ಕುಳಿತು ಹನ್ನೊಂದರವರೆಗೆ ಸರಳೆ, ಜಂಟಿವರಸೆಗಳನ್ನು ಉಜ್ಜುವಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಅವಳ ಅಪಸ್ವರವೂ ನನಗೆ ಇಂಪಾಗಿಯೇ ಇತ್ತು. ಒಂದು ದಿನ ಪಕ್ಕದ ಮನೆಯ ಹೆಣ್ಣುಮಗಳು ಬಾಗಿಲಿಗೆ ಬಂದು, “ಮೇಷ್ಟ್ರೇ, ತಪ್ಪು ತಿಳಿಯಬೇಡಿ. ನನಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿ. ಪುಟ್ಟಿ ಮಧ್ಯಾಹ್ನದ ಮೇಲೆ ನುಡಿಸಿದರೆ ಆದೀತೆ?” ಎಂದು ಕೇಳಿದಳು. ನಾನು, “ಇದು ಗಲಾಟೆಯಲ್ಲಮ್ಮ, ವಿದ್ಯೆ. ಬೆಳಗಿನ ಹೊತ್ತು ಕಲಿತದ್ದೇ ನಿಲ್ಲುವುದು” ಎಂದುಬಿಟ್ಟೆ. “ಆಗಲಿ ಮೇಷ್ಟ್ರೇ” ಎಂದು ಹೊರಟುಹೋದಳು. ಮತ್ತೆ ಆ ಮಾತನ್ನೆತ್ತಲಿಲ್ಲ. ಅವಳಿಗೆ ಒಪ್ಪಿಗೆಯಾಯಿತೆಂದೇ ನಾನು ಭಾವಿಸಿದೆ. ಸರಸ್ವತೀಪೂಜೆಯ ಸಂಜೆ ಅವಳನ್ನು ಬೊಂಬೆಯ ಆರತಿಗೆ ಕರೆಯಲು ಹೋಗಿದ್ದ ನನ್ನ ಮನೆಯವರು ಹಿಂತಿರುಗಿ ಬಂದು, “ಆ ಹುಡುಗಿ ಅಡಿಗೆಮನೆಯಲ್ಲಿ ಒಲೆಯ ಕಟ್ಟೆಯ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಾಳೆ. ಅಲ್ಲಿಗೆ ನಮ್ಮ ಸದ್ದು ಕಡಮೆಯಂತೆ” ಎಂದರು. ಪಿಟೀಲು ಆಗ ಪೀಠದ ಮೇಲೆ, ಪುಸ್ತಕಗಳ ನಡುವೆ, ಹೂ ಮುಡಿದು ಕುಳಿತಿತ್ತು. ನನಗೆ ಅದರ ಕಡೆ ನೋಡಲು ನಾಚಿಕೆಯಾಯಿತು.

ನನ್ನ ಉತ್ತರದಲ್ಲಿದ್ದ ದೋಷ ಯಾವುದು? ‘ವಿದ್ಯೆ’ ಎಂಬ ಶಬ್ದವನ್ನು ನಾನು ಒಂದು ರಹದಾರಿಯಂತೆ ಬಳಸಿದ್ದೆ. ವೀಣಾವಾದನದ ತತ್ತ್ವವನ್ನು ಬಲ್ಲವನು ಮೋಕ್ಷಮಾರ್ಗದಲ್ಲಿ ಸಾಗುವನೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುವುದು ನಿಜ. ಆದರೆ ಅವನ ನೆರೆಯವನು ನಿದ್ರೆಯನ್ನು ಬಿಡಬೇಕೆಂದು ಆ ಸ್ಮೃತಿಯು ವಿಧಿಸಿಲ್ಲ. ಫಲವು ಸಾಧಕನಿಗೆ, ಕ್ಲೇಶವು ನೆರೆಯವನಿಗೆ ಎಂಬ ವಿಭಾಗವು ಯಾವ ನ್ಯಾಯಕ್ಕೂ ಒಪ್ಪುವಂಥದಲ್ಲ. ಪಾಠಶಾಲೆಯಲ್ಲಿ ನಾವು ಉಷಃಕಾಲದಲ್ಲೆದ್ದು ಗಟ್ಟಿಯಾಗಿ ಶಬ್ದರೂಪಗಳನ್ನು ಉರುಹಚ್ಚಿದವರು, ಯಾರೂ ಬೇಡವೆನ್ನಲಿಲ್ಲ. ಅದಕ್ಕೆ ಕಾರಣವಿತ್ತು. ಸುತ್ತಣ ಮನೆಗಳವರ ಮಕ್ಕಳೂ ಆ ಗುಂಪಿನಲ್ಲಿದ್ದರು. ಎಲ್ಲರೂ ಏಳುವ ಹೊತ್ತೂ ಮಲಗುವ ಹೊತ್ತೂ ಒಂದೇ ಆಗಿದ್ದುವು. ಇಂದಿನ ಬಡಾವಣೆಯಲ್ಲಿ ಒಬ್ಬರ ಬೆಳಗು ಇನ್ನೊಬ್ಬರಿಗೆ ನಡುರಾತ್ರಿ. ಅಂದಿನ ಮೌನಸಮ್ಮತಿಯನ್ನು ಇಂದಿನ ನೆರೆಯವರಿಂದ ಪಡೆದಂತೆಯೇ ಎಂದುಕೊಳ್ಳುವುದು ಸಲ್ಲದು.

ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1790ರಲ್ಲಿ ಪ್ರಕಟವಾದ ತನ್ನ ಸೌಂದರ್ಯವಿಚಾರದ ಗ್ರಂಥದಲ್ಲಿ ಸಂಗೀತಕ್ಕೆ ನಾಗರಿಕತೆಯ ಕೊರತೆಯುಂಟೆಂದು ಆಕ್ಷೇಪಿಸಿರುವನು. ಅದು ಬೇಡದವರ ಬಳಿಗೂ ನುಗ್ಗಿ ಅವರ ಸ್ವಾತಂತ್ರ್ಯಕ್ಕೆ ಧಕ್ಕೆ ತರುವುದೆಂದೂ, ಸುಗಂಧ ಹಾಕಿದ ಕರವಸ್ತ್ರವನ್ನು ಒಬ್ಬನು ಜೇಬಿನಿಂದ ತೆಗೆದರೆ ಸುತ್ತಲಿನವರೆಲ್ಲರೂ ಅದನ್ನು ಮೂಸಲೇಬೇಕಾಗುವಂತೆ ಇದೂ ಎಂದೂ ಅವನ ಅಭಿಪ್ರಾಯ. ಸಂಗೀತದ ನಾಡಾದ ಮೈಸೂರಿನವರಿಗೆ ಇದು ಕಟುವಾದ ಮಾತು. ಆದರೆ ಕಾಂಟನು ದೂರಿದ್ದು ಕಲಿತವರ ಸಂಗೀತವನ್ನೂ ಸೇರಿಸಿ ಎಂಬುದನ್ನು ನೆನೆದರೆ, ಕಲಿಯುವವರ ಅಭ್ಯಾಸಕ್ಕೆ ಆ ಮಾತು ಇನ್ನಷ್ಟು ಸಲ್ಲುವುದು.

ನಮ್ಮ ಊರಿನ ಸಂಗೀತಚರಿತ್ರೆಯೇ ಇಲ್ಲಿ ಒಂದು ವಿವೇಕವನ್ನು ಕಲಿಸುವುದು. ಧ್ವನಿವರ್ಧಕವು ಎಲ್ಲೆಡೆ ಬಳಕೆಗೆ ಬಾರದಿದ್ದ ಕಾಲದಲ್ಲಿ ಪಿಟೀಲಿನ ನಾದವು ದೊಡ್ಡ ಸಭೆಯ ಕೊನೆಯವರೆಗೆ ಮುಟ್ಟುತ್ತಿರಲಿಲ್ಲ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಟಿ. ಚೌಡಯ್ಯನವರು ಅದಕ್ಕಾಗಿಯೇ ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ಮಾಡಿಸಿಕೊಂಡರು. ಇತ್ತ ವೀಣೆ ಶೇಷಣ್ಣನವರು (1852–1926) ಮೈಸೂರಿಗೆ ಕೀರ್ತಿ ತಂದದ್ದು ಸ್ವಭಾವದಿಂದಲೇ ಮೃದುವಾದ ವಾದ್ಯದಿಂದ. ನಾದವನ್ನು ಹಿಗ್ಗಿಸುವುದೂ ಕಲೆಯೇ, ಹಿಡಿದು ನುಡಿಸುವುದೂ ಕಲೆಯೇ; ಸ್ಥಾನವನ್ನರಿತು ಎರಡನ್ನೂ ಬಳಸಬೇಕು. ಸಭೆಯು ಕೇಳಬೇಕೆಂದು ಬಂದವರದು. ಬೀದಿಯು ಹಾಗಲ್ಲ.

ಮನೆಯಲ್ಲಿ ನಾದವನ್ನು ತಗ್ಗಿಸಲು ಉಪಾಯಗಳು ಇಲ್ಲದಿಲ್ಲ. ಪಿಟೀಲಿನ ಕುದುರೆಗೆ ಸಿಕ್ಕಿಸುವ ‘ಮ್ಯೂಟ್’ ಎಂಬ ರಬ್ಬರಿನ ಅಥವಾ ಲೋಹದ ತುಂಡು ಆ ಕುದುರೆಯ ತೂಕವನ್ನು ಹೆಚ್ಚಿಸಿ ತಂತಿಯ ಕಂಪನವು ಪೆಟ್ಟಿಗೆಗೆ ಇಳಿಯುವುದನ್ನು ಕುಗ್ಗಿಸುವುದು. ಮೃದಂಗದ ಎರಡು ಮುಖಗಳ ಮೇಲೆಯೂ ಬಟ್ಟೆಯನ್ನು ಹೊದಿಸಬಹುದು. ಸೊಲ್ಲುಗಳನ್ನು ಬಾಯಲ್ಲಿಯೇ ಮೆಲ್ಲನೆ ಹೇಳಿ ಗಟ್ಟಿಮಾಡಿಕೊಳ್ಳಬಹುದು. ಮಹಡಿಯಲ್ಲಿ ವೀಣೆ ನುಡಿಸುವವರು ದಪ್ಪ ಜಮಖಾನವನ್ನು ಹಾಸಿದರೆ ಕೆಳಗಿನವರಿಗೆ ಉಪಕಾರ. ಗಾಳಿ ತೂರುವ ಸಂದಿನಲ್ಲೆಲ್ಲ ಸದ್ದೂ ತೂರುವುದರಿಂದ ನೆರೆಯ ಕಡೆಯ ಕಿಟಕಿಯನ್ನು ಮುಚ್ಚುವುದು, ಬಾಗಿಲ ಕೆಳಗಿನ ಸಂದನ್ನು ತಡೆಯುವುದು, ಮನೆಯ ಒಳಗಣ ಕೋಣೆಯನ್ನು ಆರಿಸಿಕೊಳ್ಳುವುದು ಫಲಕಾರಿ. ಆದರೂ ಮ್ಯೂಟ್ ಹಾಕಿಯೇ ಸದಾ ನುಡಿಸಿದರೆ ವಾದ್ಯದ ನಿಜನಾದವು ಕಿವಿಗೆ ಒಗ್ಗದೆ, ಕಮಾನಿನ ಒತ್ತಡವು ಕೆಡುವುದು. ಕೊಳಲಿಗೂ ನಾಗಸ್ವರಕ್ಕೂ ಇಂಥ ಹೊದಿಕೆ ಸಾಗದು. ಆದುದರಿಂದ ದಿನದಲ್ಲಿ ಸ್ವಲ್ಪ ಹೊತ್ತಾದರೂ ಬಿಚ್ಚುನಾದದ ಅಭ್ಯಾಸವು ಬೇಕೇ ಬೇಕು. ಪ್ರಶ್ನೆಯು ಮತ್ತೆ ನೆರೆಯವರ ಬಾಗಿಲಿಗೇ ಬಂದು ನಿಲ್ಲುವುದು.

ಕಾನೂನು ಇದನ್ನು ಬಗೆಹರಿಸಲಾರದೆ? ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿಯನ್ನು ಗೊತ್ತುಪಡಿಸಿ, ರಾತ್ರಿಯೆಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಂದಿರುವುವು. ಇದು ಅವಶ್ಯವಾದ ಬೇಲಿ. ಆದರೆ ನನ್ನ ಮೊಮ್ಮಗಳು ನುಡಿಸಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಗಡಿಯಾರವು ನನ್ನ ಕಡೆಗೇ ಸಾಕ್ಷಿ ಹೇಳುತ್ತಿತ್ತು. ರಾತ್ರಿಯೆಲ್ಲ ರೋಗಿಗಳ ಬಳಿ ಎಚ್ಚರವಾಗಿದ್ದು ಬಂದವಳ ನಿದ್ರೆಯು ಆ ಲೆಕ್ಕದಲ್ಲಿ ಬರಲಿಲ್ಲ. ಕಾನೂನು ಸರಾಸರಿಯ ಮನುಷ್ಯನನ್ನು ಬಲ್ಲದು. ನೆರೆಯವನಾದರೋ ಸರಾಸರಿಯಲ್ಲ, ಹೆಸರೂ ಆಯಾಸವೂ ಉಳ್ಳ ಒಬ್ಬ ವ್ಯಕ್ತಿ.

ಹಾಗೆಂದು ಕರ್ತವ್ಯವೆಲ್ಲ ಸಾಧಕನದೇ ಎಂದರೆ ಅದೂ ಅರ್ಧಸತ್ಯ. ಸಭೆಯಲ್ಲಿ ನಾವು ತಲೆದೂಗುವ ಪ್ರತಿಯೊಬ್ಬ ವಿದ್ವಾಂಸನೂ ಒಂದು ಕಾಲದಲ್ಲಿ ಯಾರದೋ ನೆರೆಮನೆಯಲ್ಲಿ ಅಪಸ್ವರ ನುಡಿಸಿದವನೇ. ಅದನ್ನು ಸಹಿಸಿದವರಿಗೆ ಟಿಕೆಟ್ಟೂ ಇಲ್ಲ, ಹಾರವೂ ಇಲ್ಲ. ಯಾರೂ ಸಹಿಸದಿದ್ದರೆ ನಾಳೆ ಸಭೆಗೆ ವಿದ್ವಾಂಸನೂ ಇಲ್ಲ. ಆದುದರಿಂದ ಮಗುವಿನ ಒಂದು ಗಂಟೆಯ ಕರ್ಕಶವನ್ನು ಪೂರ್ವಗ್ರಹವಿಲ್ಲದೆ ತಾಳಿಕೊಳ್ಳುವುದು ನೆರೆಯವರ ಧರ್ಮ. ಆದರೆ ತಾಳ್ಮೆಯನ್ನು ಅವರು ಕೊಡಬೇಕು, ನಾವು ಕಸಿದುಕೊಳ್ಳಬಾರದು. ಅಡಿಗೆಮನೆಯ ಚಾಪೆಯ ಮೇಲೆ ಮಲಗಿದ್ದುದು ತಾಳ್ಮೆಯಲ್ಲ, ನನ್ನ ಮಾತಿಗೆ ಸೋತದ್ದು.

ನಮ್ಮ ಭಾಷೆಯಲ್ಲಿ ‘ಕೇಳು’ ಎಂಬ ಧಾತುವಿಗೆ ಎರಡು ಅರ್ಥಗಳು: ಆಲಿಸುವುದು ಮತ್ತು ವಿಚಾರಿಸುವುದು. ಅನ್ಯರು ನಮ್ಮನ್ನು ಮೊದಲನೆಯ ಅರ್ಥದಲ್ಲಿ ಕೇಳುವಂತೆ ಮಾಡುವ ಮುನ್ನ ನಾವು ಅವರನ್ನು ಎರಡನೆಯ ಅರ್ಥದಲ್ಲಿ ಕೇಳಬೇಕು. ಈ ವಿಷಯದಲ್ಲಿ ನನಗೆ ಹೊಳೆದ ಧರ್ಮವು ಇಷ್ಟೆ.

ವಿಜಯದಶಮಿಯ ಮರುದಿನ ಮೊಮ್ಮಗಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿ, “ತಪ್ಪಾಯಿತಮ್ಮ. ನಿನಗೆ ಅನುಕೂಲವಾದ ಹೊತ್ತನ್ನು ನೀನೇ ಹೇಳು” ಎಂದೆ. ಅವಳು ಸಂಜೆ ಐದರಿಂದ ಆರೂವರೆ ಎಂದಳು. ಪಾಳಿ ಬದಲಾದಾಗ ಹೊತ್ತೂ ಬದಲಾಗುವುದು; ಅದನ್ನು ಚೀಟಿಯಲ್ಲಿ ಬರೆದು ಪುಟ್ಟಿಯ ಕೈಗೆ ಕೊಡುವಳು. ಕಳೆದ ತಿಂಗಳು ಪುಟ್ಟಿಗೆ ಜ್ವರ ಬಂದು ನಾಲ್ಕು ದಿನ ಪಿಟೀಲು ನಿಂತಿತ್ತು. ಐದನೆಯ ಸಂಜೆ ಬಾಗಿಲ ಬಳಿ ಆ ಹೆಣ್ಣುಮಗಳು ನಿಂತಿದ್ದಳು: “ಯಾಕೆ ಮೇಷ್ಟ್ರೇ, ಸದ್ದೇ ಇಲ್ಲ? ಮಗು ಚೆನ್ನಾಗಿದೆಯೇ?”